ಉಗಿ ತುಂಬುವ ಟ್ಯಾಂಕಿಗೆ ಗೇಟಿನ ಪ್ಲೇಟ್ ಸಾಲದು

ಮಾನ್ಯ ಸಂಪಾದಕರೇ,

ಬಾಯ್ಲರ್ ಸಿಡಿಯಿತು, ಟೈರ್ ಅಂಗಡಿಯ ಗಾಳಿ ಟ್ಯಾಂಕ್ ಒಡೆಯಿತು ಅನ್ನುವ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಹೆಚ್ಚಿನ ಸುದ್ದಿಗಳಲ್ಲಿ ಕಾರಣವೂ ಒಂದೇ ಇರುತ್ತದೆ, 'ಒತ್ತಡ ಹೆಚ್ಚಾಗಿ ಸ್ಫೋಟ'. ಅಲ್ಲಿಗೆ ಸುದ್ದಿ ಮುಗಿಯಿತು. ಆ ಟ್ಯಾಂಕನ್ನು ಯಾವ ಪ್ಲೇಟಿನಲ್ಲಿ ಮಾಡಿದ್ದರು, ದಪ್ಪ ಎಷ್ಟಿತ್ತು, ವೆಲ್ಡಿಂಗ್ ಮಾಡಿದವರು ಯಾರು, ಒಂದು ಸಲವಾದರೂ ನೀರು ತುಂಬಿ ಟೆಸ್ಟ್ ಮಾಡಿದ್ದರಾ ಅಂತ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದೇ ಇದು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಆದರೆ ಮೊಟಕು ಮಾಡಿದರೆ ವಿಷಯ ಅರ್ಥವಾಗುವುದಿಲ್ಲ.

ನಾನು ಚಿಕ್ಕಬಳ್ಳಾಪುರದಲ್ಲಿ ಫ್ಯಾಬ್ರಿಕೇಶನ್ ಕೆಲಸ ಮಾಡುವವನು. ನಮ್ಮ ಜಿಲ್ಲೆಯಲ್ಲಿ ಉಗಿ ಮತ್ತು ಒತ್ತಡದ ಗಾಳಿ ಇಲ್ಲದೆ ನಡೆಯದ ಕೆಲಸ ಎಷ್ಟಿದೆ ನೋಡಿ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವವರಿಗೆ ಉಗಿ ಬೇಕು. ಹಾಲಿನ ಡೇರಿಗೆ ಬೇಕು. ದೊಡ್ಡ ಹೋಟೆಲ್‌ಗಳಲ್ಲಿ ಇಡ್ಲಿ ಬೇಯುವುದೂ ಉಗಿಯಲ್ಲೇ. ಗೌರಿಬಿದನೂರಿನ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಸಣ್ಣ ಘಟಕಗಳಿಗೆ ಕಂಪ್ರೆಸರ್ ಬೇಕು. ಹೆದ್ದಾರಿ ಪಕ್ಕದ ಪಂಕ್ಚರ್ ಅಂಗಡಿಯಲ್ಲೂ ಒಂದು ಗಾಳಿ ಟ್ಯಾಂಕ್ ಇದ್ದೇ ಇರುತ್ತದೆ. ದೊಡ್ಡ ಕಂಪನಿಗಳು ಇಂಥವನ್ನು ಸರಿಯಾದ ಕಡೆಯಿಂದ, ಕಾಗದ ಪತ್ರದ ಸಮೇತ ತರಿಸಿಕೊಳ್ಳುತ್ತವೆ. ಸಣ್ಣವರು ಹಾಗಲ್ಲ. ಪಕ್ಕದ ಶೆಡ್ಡಿಗೆ ಬಂದು, 'ಇಷ್ಟು ಉದ್ದ, ಇಷ್ಟು ಅಗಲ, ಬೇಗ ಮಾಡಿಕೊಡಿ, ರೇಟ್ ಕಡಿಮೆ ಮಾಡಿ' ಅನ್ನುತ್ತಾರೆ. ಯಾವ ಪ್ಲೇಟ್ ಹಾಕ್ತೀರಾ ಅಂತ ಕೇಳಿದವರು ನನಗೆ ಸಿಕ್ಕಿದ್ದು ತೀರಾ ಅಪರೂಪ.

ಬಹಳಷ್ಟು ಜನರಿಗೆ ಕಬ್ಬಿಣದ ಪ್ಲೇಟ್ ಅಂದರೆ ಎಲ್ಲ ಒಂದೇ. ಎಂಎಸ್, ಅಂದರೆ ಮೈಲ್ಡ್ ಸ್ಟೀಲ್ ಪ್ಲೇಟ್ ಅಂತಾರೆ, ಅಷ್ಟೇ. ಆದರೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಎಂಎಸ್ ಪ್ಲೇಟ್ ಐಎಸ್ 2062 ಅನ್ನುವ ಮಾನದಂಡದ್ದು. ಅದು ಕಟ್ಟಡ, ಸೇತುವೆ, ಶೆಡ್, ಗೇಟ್, ಟ್ರೇಲರ್ ಇಂಥದ್ದಕ್ಕೆ ಅಂತಲೇ ಮಾಡಿದ್ದು. ಆ ಕೆಲಸಕ್ಕೆ ಒಳ್ಳೆಯ ಪ್ಲೇಟ್, ಅದರ ಬಗ್ಗೆ ನನ್ನ ತಕರಾರಿಲ್ಲ. ಬಾಯ್ಲರ್‌ಗೆ, ಒತ್ತಡದ ಪಾತ್ರೆಗೆ ಬೇರೆಯೇ ಪ್ಲೇಟ್ ಇದೆ. ನಮ್ಮ ಕಡೆ ಅದನ್ನು ಬಿಕ್ಯೂ ಪ್ಲೇಟ್, ಅಂದರೆ ಬಾಯ್ಲರ್ ಕ್ವಾಲಿಟಿ ಪ್ಲೇಟ್ ಅನ್ನುತ್ತೇವೆ. ಭಾರತೀಯ ಮಾನದಂಡದಲ್ಲಿ ಬಾಯ್ಲರ್ ಮತ್ತು ಬಿಸಿ ಕೆಲಸಕ್ಕೆ ಐಎಸ್ 2002, ಸಾಧಾರಣ ಮತ್ತು ತಣ್ಣನೆ ಕೆಲಸಕ್ಕೆ ಐಎಸ್ 2041. ಅಮೆರಿಕದ ಮಾನದಂಡದಲ್ಲಿ ಎಲ್ಲರ ಬಾಯಲ್ಲಿರುವುದು ಎಸ್‌ಎ 516 ಗ್ರೇಡ್ 70. ಭಿಲಾಯಿ, ರೂರ್ಕೆಲಾದಂಥ ಉಕ್ಕಿನ ಕಾರ್ಖಾನೆಗಳಲ್ಲಿ ಬಾಯ್ಲರ್ ಪ್ಲೇಟ್ ನಮ್ಮ ದೇಶದಲ್ಲೇ ತಯಾರಾಗುತ್ತದೆ. ಪೀಣ್ಯದಲ್ಲಿ ವಿಚಾರಿಸಿದರೆ ಸಿಗುತ್ತದೆ. ಸಿಗೋದೇ ಇಲ್ಲ ಅನ್ನುವ ನೆಪ ನಡೆಯುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಸ್ವಲ್ಪ ತಿಳಿದವರೇ ಇದನ್ನು ಕೇಳುತ್ತಾರೆ. ಐಎಸ್ 2062ರ ಇ250 ಪ್ಲೇಟಿನ ಯೀಲ್ಡ್ ಶಕ್ತಿ 250 ಮೆಗಾಪಾಸ್ಕಲ್, ಅಂದರೆ ಅಷ್ಟರವರೆಗೆ ಎಳೆದರೂ ಪ್ಲೇಟ್ ಶಾಶ್ವತವಾಗಿ ಹಿಗ್ಗುವುದಿಲ್ಲ. 516 ಗ್ರೇಡ್ 70ರದ್ದು 260. ಬರೀ 10ರ ವ್ಯತ್ಯಾಸ. ಇಷ್ಟಕ್ಕೆ ಜಾಸ್ತಿ ದುಡ್ಡು ಯಾಕೆ ಕೊಡಬೇಕು?

ವ್ಯತ್ಯಾಸ ಶಕ್ತಿಯ ಅಂಕಿಯಲ್ಲಿ ಮಾತ್ರ ಇಲ್ಲ. ಮೊದಲನೆಯದಾಗಿ ಉಕ್ಕು ಎಷ್ಟು ಶುದ್ಧವಾಗಿದೆ ಅನ್ನುವುದು. ಗಂಧಕ ಮತ್ತು ರಂಜಕ ಉಕ್ಕಿಗೆ ಶತ್ರುಗಳು. ಇ250 ಎ ದರ್ಜೆಯ ಪ್ಲೇಟಿನಲ್ಲಿ ಇವೆರಡೂ ತಲಾ ಶೇ 0.045ರವರೆಗೆ ಇರಬಹುದು. 516ರಲ್ಲಿ ಶೇ 0.025 ದಾಟುವಂತಿಲ್ಲ. ಗಂಧಕ ಮ್ಯಾಂಗನೀಸ್ ಜೊತೆ ಸೇರಿ ಸಣ್ಣ ಕಣಗಳಾಗಿ ಉಕ್ಕಿನೊಳಗೆ ಕೂತಿರುತ್ತದೆ. ಪ್ಲೇಟನ್ನು ರೋಲ್ ಮಾಡುವಾಗ ಆ ಕಣಗಳೂ ಅಗಲವಾಗಿ, ಉದ್ದವಾಗಿ ಹರಡುತ್ತವೆ. ಅದು ಮತ್ತು ಇತರ ಕಸ ಜಾಸ್ತಿಯಾದರೆ, ಮೇಲಿಂದ ನೋಡಿದಾಗ ನಯವಾಗಿ ಕಾಣುವ ಪ್ಲೇಟು ಒಳಗೆ ಚಿರೋಟಿಯ ಹಾಗೆ ಪದರ ಬಿಟ್ಟಿರುತ್ತದೆ. ಲ್ಯಾಮಿನೇಶನ್ ಅನ್ನುವುದು ಇದನ್ನೇ. ಗೇಟಿನಲ್ಲಿ ಇದ್ದರೆ ಯಾರಿಗೂ ಗೊತ್ತೂ ಆಗುವುದಿಲ್ಲ. ಒತ್ತಡದ ಟ್ಯಾಂಕಿನಲ್ಲಿ ನಾಝಲ್, ಅಂದರೆ ಪೈಪು ಜೋಡಿಸುವ ಮೂತಿ, ವೆಲ್ಡ್ ಮಾಡುವ ಜಾಗದಲ್ಲೇ ಆ ಪದರ ಸಿಕ್ಕಿಬಿಟ್ಟರೆ, ವೆಲ್ಡಿಂಗ್ ಎಳೆತಕ್ಕೆ ಪದರ ಬಾಯಿ ಬಿಡುತ್ತದೆ. ಕಣ್ಣಿಗೆ ಕಾಣದು. ಅಲ್ಟ್ರಾಸೋನಿಕ್ ಟೆಸ್ಟ್ ಮಾಡಿದರೆ ಮಾತ್ರ ಗೊತ್ತಾಗುತ್ತದೆ.

ಎರಡನೆಯದು ಸೀಳದೆ ತಾಳಿಕೊಳ್ಳುವ ಗುಣ. ಉಕ್ಕು ಮುರಿಯುವ ಮೊದಲು ಹಿಗ್ಗಬೇಕು, ಬಾಗಬೇಕು, ಎಚ್ಚರಿಕೆ ಕೊಡಬೇಕು. ಗಾಜಿನಂತೆ ಒಂದೇ ಏಟಿಗೆ ಸೀಳಬಾರದು. 516 ಪ್ಲೇಟನ್ನು ಸಣ್ಣ ಕಣರಚನೆ ಬರುವಂತೆಯೇ ತಯಾರಿಸುತ್ತಾರೆ. ದಪ್ಪ 40 ಮಿ.ಮೀ. ದಾಟಿದರೆ ಅದನ್ನು ಸುಮಾರು 900 ಡಿಗ್ರಿಗೆ ಕಾಯಿಸಿ ಗಾಳಿಯಲ್ಲಿ ಆರಲು ಬಿಡುವುದು ಕಡ್ಡಾಯ. ಇದಕ್ಕೆ ನಾರ್ಮಲೈಸಿಂಗ್ ಅನ್ನುತ್ತಾರೆ. ನಮ್ಮಂಥ ಸಣ್ಣ ಶೆಡ್‌ಗಳಲ್ಲಿ ಅಷ್ಟು ದಪ್ಪದ ಕೆಲಸ ಬರುವುದಿಲ್ಲ, ನಿಜ. ಆದರೆ ಅಮೋನಿಯಾ ತುಂಬುವ ಪಾತ್ರೆಗಳು ನಮ್ಮ ಜಿಲ್ಲೆಯಲ್ಲೂ ಇವೆ. ಹಾಲು ತಣ್ಣಗೆ ಮಾಡುವಲ್ಲಿ, ಕೋಲ್ಡ್ ಸ್ಟೋರೇಜಿನಲ್ಲಿ. ಅಮೋನಿಯಾ ಒತ್ತಡ ಕಳೆದುಕೊಂಡು ಕುದಿಯುವುದು ಮೈನಸ್ 33 ಡಿಗ್ರಿಯಲ್ಲಿ. ಅಷ್ಟು ತಣ್ಣಗಾದ ಜಾಗದಲ್ಲಿ ಸಾದಾ ಪ್ಲೇಟ್ ಹೇಗೆ ವರ್ತಿಸುತ್ತದೆ ಅಂತ ಯಾರೂ ಪರೀಕ್ಷಿಸಿರುವುದಿಲ್ಲ. 1919ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಕಾಕಂಬಿ ತುಂಬಿದ್ದ ದೊಡ್ಡ ಟ್ಯಾಂಕ್ ಜನವರಿ ಚಳಿಯಲ್ಲಿ ಸೀಳಿ 21 ಜನ ಸತ್ತರು. ಪ್ಲೇಟ್ ತೆಳುವಾಗಿತ್ತು, ಜೊತೆಗೆ ಮ್ಯಾಂಗನೀಸ್ ಕಡಿಮೆ ಇದ್ದ ಆ ಕಾಲದ ಉಕ್ಕು ಚಳಿಗೆ ಪೆಡಸಾಗುವಂಥದ್ದು. ಅದರಲ್ಲಿ ಉಗಿಯೂ ಇರಲಿಲ್ಲ, ಗಾಳಿಯೂ ಇರಲಿಲ್ಲ, ಬರೀ ಕಾಕಂಬಿಯ ಭಾರ.

ಮೂರನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ. ಅಮೆರಿಕದ ಮಾನದಂಡದಲ್ಲಿ ಕಟ್ಟಡದ ಉಕ್ಕನ್ನು ಒಂದು ಹೀಟಿಗೆ, ಅಂದರೆ ಕುಲುಮೆಯಲ್ಲಿ ಒಂದು ಸಲ ಕರಗಿಸಿದ ಉಕ್ಕಿಗೆ, ಇಷ್ಟು ತುಂಡು ಅಂತ ತೆಗೆದು ಟೆಸ್ಟ್ ಮಾಡುತ್ತಾರೆ. ಅದೇ ಹೀಟಿನ ಉಳಿದ ಪ್ಲೇಟುಗಳೂ ಹಾಗೇ ಇರುತ್ತವೆ ಅನ್ನುವ ನಂಬಿಕೆ. ಒತ್ತಡದ ಪಾತ್ರೆಯ ಪ್ಲೇಟಿಗೆ ಹಾಗಿಲ್ಲ. ರೋಲ್ ಆಗಿ ಬಂದ ಪ್ರತಿಯೊಂದು ಪ್ಲೇಟಿನಿಂದಲೂ ತುಂಡು ಕತ್ತರಿಸಿ ಎಳೆದು ನೋಡಬೇಕು. ಅಂದರೆ ನೀವು ಕೊಡುವ ಜಾಸ್ತಿ ದುಡ್ಡು ನಿಮ್ಮ ಪ್ಲೇಟನ್ನೇ ಪರೀಕ್ಷಿಸಿದ್ದಕ್ಕೆ. ಇದು ಸಣ್ಣ ಮಾತಲ್ಲ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಕಟ್ಟಡದ ಪ್ಲೇಟನ್ನು ಒತ್ತಡದ ಪಾತ್ರೆಗೆ ಎಲ್ಲೂ ಬಳಸಲೇಬಾರದು ಅಂತ ನಿಯಮ ಹೇಳುವುದಿಲ್ಲ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ನಿಯಮಾವಳಿಯಾದ ಎಎಸ್‌ಎಂಇ ಕೋಡ್, ಅವರ ಕಟ್ಟಡದ ಉಕ್ಕಾದ ಎ36 ಅನ್ನು 16 ಮಿ.ಮೀ. ದಪ್ಪದವರೆಗೆ ಒಪ್ಪುತ್ತದೆ. ಆದರೆ ವಿಷಾನಿಲ ತುಂಬುವ ಪಾತ್ರೆಗೆ ಬೇಡ, ಉಗಿ ಉತ್ಪಾದಿಸುವ ಪಾತ್ರೆಗೆ ಬೇಡ ಅಂತ ಅಲ್ಲೇ ಕಟ್ಟಿಹಾಕಿದೆ. ಒಪ್ಪುವ ಕಡೆಯೂ ಸರ್ಟಿಫಿಕೇಟ್ ಇರುವ, ಗುರುತು ಇರುವ ಪ್ಲೇಟನ್ನೇ ಒಪ್ಪುತ್ತದೆ. ನಮ್ಮಲ್ಲಿ ನಡೆಯುವುದು ಅದಲ್ಲ. ಯಾವ ಹಡಗಿನದ್ದೋ, ಯಾವ ಹಳೆ ಶೆಡ್ಡಿನದ್ದೋ ಗೊತ್ತಿಲ್ಲದ, ಗುಜರಿಯಲ್ಲಿ ತೂಕಕ್ಕೆ ತಂದ ಪ್ಲೇಟನ್ನು ಗ್ರೈಂಡಿಂಗ್ ಹೊಡೆದು, ರೆಡ್ ಆಕ್ಸೈಡ್ ಬಳಿದು, ಮೇಲೆ ಸಿಲ್ವರ್ ಪೇಂಟ್ ಹಚ್ಚಿ ಕೊಡುವವರಿದ್ದಾರೆ. ಕೊಳ್ಳುವವರಿಗೆ ಅದು ಹೊಸ ಟ್ಯಾಂಕ್.

ಇನ್ನು ಸರ್ಟಿಫಿಕೇಟಿನ ವಿಷಯ. ಒಳ್ಳೆಯ ಪ್ಲೇಟಿನ ಮೇಲೆ ಹೀಟ್ ನಂಬರ್, ಪ್ಲೇಟ್ ನಂಬರ್, ಗ್ರೇಡ್, ಸೈಜ್ ಬರೆದಿರುತ್ತದೆ ಅಥವಾ ಪಂಚ್ ಮಾಡಿರುತ್ತದೆ. ಕಾರ್ಖಾನೆಯವರು ಕೊಡುವ ಟಿ.ಸಿ.ಯಲ್ಲಿ, ಅಂದರೆ ಟೆಸ್ಟ್ ಸರ್ಟಿಫಿಕೇಟಿನಲ್ಲಿ, ಅದೇ ನಂಬರಿನ ಎದುರು ಇಂಗಾಲ ಎಷ್ಟು, ಮ್ಯಾಂಗನೀಸ್ ಎಷ್ಟು, ಎಳೆದಾಗ ಎಷ್ಟಕ್ಕೆ ಹರಿಯಿತು, ಹರಿಯುವ ಮೊದಲು ಶೇಕಡಾ ಎಷ್ಟು ಹಿಗ್ಗಿತು ಎಲ್ಲ ಇರುತ್ತದೆ. ಗ್ರೇಡ್ 70 ಅಂದರೆ ಹರಿಯುವ ಶಕ್ತಿ 485ರಿಂದ 620 ಮೆಗಾಪಾಸ್ಕಲ್ ಒಳಗೆ ಇರಬೇಕು. ಕಡಿಮೆಯಾದರೂ ತಪ್ಪು, ಮಿತಿ ಮೀರಿದರೂ ತಪ್ಪು. ಜಾಸ್ತಿ ಗಟ್ಟಿ ಅಂದರೆ ಜಾಸ್ತಿ ಒಳ್ಳೆಯದು ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಮಿತಿ ಮೀರಿ ಗಟ್ಟಿಯಾದ ಉಕ್ಕು ರೋಲ್ ಮಾಡುವಾಗ, ವೆಲ್ಡ್ ಮಾಡುವಾಗ ಬಿರುಕು ಬಿಡುತ್ತದೆ. ಇಂಗಾಲಕ್ಕೂ ಅದಕ್ಕೇ ಮಿತಿ ಹಾಕಿರುವುದು. 12.5 ಮಿ.ಮೀ. ಒಳಗಿನ ಗ್ರೇಡ್ 70 ಪ್ಲೇಟಿನಲ್ಲಿ ಅದು ಶೇ 0.27 ದಾಟಬಾರದು.

ಮೋಸ ನಡೆಯುವುದೂ ಇಲ್ಲೇ. ಟಿ.ಸಿ. ಕೊಡಿ ಅಂದರೆ ಒಂದು ಜೆರಾಕ್ಸ್ ಕೊಡುತ್ತಾರೆ. ಕಾಗದ ಅಸಲಿಯೇ ಇರಬಹುದು, ಆದರೆ ಅದು ಬೇರೆ ಯಾವುದೋ ಪ್ಲೇಟಿನದ್ದು. ನಾನೇ ಒಂದು ಸಲ ಪ್ಲೇಟ್ ತರಿಸಿದಾಗ ಲಾರಿಯಿಂದ ಇಳಿದ ಪ್ಲೇಟಿನ ನಂಬರೇ ಬೇರೆ, ಕಾಗದದ ನಂಬರೇ ಬೇರೆ ಇತ್ತು. ಕೇಳಿದರೆ 'ಎಲ್ಲಾ ಒಂದೇ ಸಾರ್, ಸುಮ್ನೆ ತಲೆ ಕೆಡಿಸ್ಕೋಬೇಡಿ' ಅಂದರು. ವಾಪಸ್ ಕಳಿಸಿದೆ. ಸುಮ್ಮನೆ ಇಳಿಸಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಟ್ಯಾಂಕ್ ಮಾಡಿಸಿದ ಪಾರ್ಟಿಗೂ ಗೊತ್ತಾಗುತ್ತಿರಲಿಲ್ಲ. ಈ ವ್ಯಾಪಾರ ನಿಂತಿರುವುದೇ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವ ಧೈರ್ಯದ ಮೇಲೆ. ಕತ್ತರಿಸುವಾಗ ಇನ್ನೊಂದು ಎಡವಟ್ಟು ಆಗುತ್ತದೆ. ದೊಡ್ಡ ಪ್ಲೇಟಿನ ಮೂಲೆಯಲ್ಲಿ ನಂಬರ್ ಇರುತ್ತದೆ. ಕತ್ತರಿಸಿದ ಮೇಲೆ ಉಳಿದ ತುಂಡಿನಲ್ಲಿ ನಂಬರೇ ಇಲ್ಲ. ಕತ್ತರಿಸುವ ಮೊದಲೇ ಪ್ರತಿ ತುಂಡಿಗೂ ಆ ನಂಬರ್ ಪಂಚ್ ಮಾಡಬೇಕು ಅನ್ನುವುದು ನಿಯಮ. ಐದು ನಿಮಿಷದ ಕೆಲಸ. ಮಾಡದಿದ್ದರೆ ಒಳ್ಳೆಯ ಪ್ಲೇಟೂ ಗುರುತಿಲ್ಲದ ಪ್ಲೇಟಾಗಿ ಮೂಲೆ ಸೇರುತ್ತದೆ.

ಈಗ ದಪ್ಪದ ಲೆಕ್ಕ. ಇದನ್ನು ಎಲ್ಲ ಓದುಗರೂ ಒಮ್ಮೆ ನೋಡಲಿ, ಕಷ್ಟ ಏನಿಲ್ಲ. ಒಳಗಿನ ಅಡ್ಡಳತೆ 1 ಮೀಟರ್ ಇರುವ ಟ್ಯಾಂಕ್ ಇದೆ ಅಂತಿಟ್ಟುಕೊಳ್ಳಿ. 10 ಕೆ.ಜಿ. ಪ್ರೆಶರ್ ಬೇಕು, ಅಂದರೆ ಚದರ ಸೆಂಟಿಮೀಟರಿಗೆ 10 ಕೆ.ಜಿ., ಹೆಚ್ಚುಕಡಿಮೆ 1 ಮೆಗಾಪಾಸ್ಕಲ್ ಅಂತ ಹಿಡಿಯೋಣ. 516 ಗ್ರೇಡ್ 70 ಪ್ಲೇಟಿಗೆ ಎಎಸ್‌ಎಂಇ ಕೋಡ್ ಒಪ್ಪುವ ಎಳೆತ 138 ಮೆಗಾಪಾಸ್ಕಲ್. ಹರಿಯುವ ಶಕ್ತಿಯ ಮೂರೂವರೆಯಲ್ಲಿ ಒಂದು ಪಾಲು ಅದು, ಉಳಿದದ್ದು ಸುರಕ್ಷತೆಗೆ. ಆಮೇಲೆ ವೆಲ್ಡ್ ಜಾಯಿಂಟಿನ ಲೆಕ್ಕ ಬರುತ್ತದೆ. ಎರಡೂ ಕಡೆಯಿಂದ ಬೆಸೆದ ಜಾಯಿಂಟನ್ನು ಪೂರ್ತಿ ಎಕ್ಸ್‌ರೇ ತೆಗೆದರೆ ಅದನ್ನು ಪ್ಲೇಟಿನಷ್ಟೇ ಗಟ್ಟಿ ಅಂತ ಒಪ್ಪುತ್ತಾರೆ. ಅಲ್ಲಲ್ಲಿ ತೆಗೆದರೆ ಶೇ 85. ಏನೂ ತೆಗೆಯದಿದ್ದರೆ ಶೇ 70 ಮಾತ್ರ. ಈಗ ಹಾಕಿ ನೋಡಿ. ಶೇ 85ರ ಲೆಕ್ಕದಲ್ಲಿ ದಪ್ಪ 4.3 ಮಿ.ಮೀ. ಬರುತ್ತದೆ. ತುಕ್ಕಿಗೆ ಅಂತ ಒಂದೂವರೆ ಮಿ.ಮೀ. ಸೇರಿಸಿದರೆ 6 ಮಿ.ಮೀ. ಪ್ಲೇಟ್ ಸಾಕು. ಎಕ್ಸ್‌ರೇ ಇಲ್ಲ ಅಂದರೆ 5.2 ಬರುತ್ತದೆ, ತುಕ್ಕಿನದ್ದು ಸೇರಿ 6.7. ಅಂದರೆ 8 ಮಿ.ಮೀ. ಪ್ಲೇಟಿಗೇ ಹೋಗಬೇಕು. ಒಂದೂವರೆ ಮೀಟರ್ ಉದ್ದದ ಶೆಲ್ಲಿಗೆ, ಅಂದರೆ ಟ್ಯಾಂಕಿನ ದುಂಡನೆಯ ಮೈಗೆ, ಇದರಿಂದ ಸುಮಾರು 75 ಕೆ.ಜಿ. ಉಕ್ಕು ಜಾಸ್ತಿಯಾಗುತ್ತದೆ. ವೆಲ್ಡನ್ನು ನೋಡದೇ ಇದ್ದರೆ ಅದಕ್ಕೆ ದಂಡವಾಗಿ ಉಕ್ಕು ಕಟ್ಟಬೇಕು ಅಂತ ಕೋಡ್ ಹೇಳುತ್ತಿದೆ. ನಮ್ಮ ಕಡೆ ಎಷ್ಟೋ ಶೆಡ್‌ಗಳಲ್ಲಿ ಏನಾಗುತ್ತದೆ ಅಂದರೆ ಎಕ್ಸ್‌ರೇಯೂ ಇಲ್ಲ, 8 ಮಿ.ಮೀ. ಪ್ಲೇಟೂ ಇಲ್ಲ, 5 ಮಿ.ಮೀ.ನಲ್ಲಿ ಮಾಡಿ ಕೊಟ್ಟು ಕಳಿಸುತ್ತಾರೆ. ಮೊದಲ ವರ್ಷ ಏನೂ ಆಗುವುದಿಲ್ಲ. ತುಕ್ಕು ತಿನ್ನುತ್ತಾ ಹೋಗುತ್ತದೆ.

ಇನ್ನೊಂದು ವಿಷಯ ಸೇರಿಸುತ್ತೇನೆ. ಸಿಲಿಂಡರ್ ಆಕಾರದ ಟ್ಯಾಂಕಿನಲ್ಲಿ ಉದ್ದಕ್ಕೆ ಹೋಗುವ ಜಾಯಿಂಟಿನ ಮೇಲೆ, ಸುತ್ತ ಹೋಗುವ ಜಾಯಿಂಟಿಗಿಂತ ಎರಡರಷ್ಟು ಎಳೆತ ಬೀಳುತ್ತದೆ. ಹಾಗಾಗಿ ಉದ್ದದ ಜಾಯಿಂಟೇ ಮೊದಲು ಕಣ್ಣಿಡಬೇಕಾದ ಜಾಗ. ಎರಡು ಶೆಲ್ ಸೇರಿಸುವಾಗ ಆ ಎರಡು ಉದ್ದದ ಜಾಯಿಂಟುಗಳು ಒಂದೇ ಗೆರೆಯಲ್ಲಿ ಬರಬಾರದು. ಒಂದೇ ಗೆರೆಯಲ್ಲಿ ಬಂದಿರುವ ಟ್ಯಾಂಕ್ ಕಂಡರೆ ಅದನ್ನು ಮಾಡಿದವರಿಗೆ ಕೆಲಸ ಗೊತ್ತಿಲ್ಲ ಅಂತಲೇ ಅರ್ಥ.

ಚಪ್ಪಟೆ ಮುಚ್ಚಳದ ಟ್ಯಾಂಕುಗಳನ್ನು ನೋಡಿದರೆ ನನಗೆ ನಿಜಕ್ಕೂ ಭಯವಾಗುತ್ತದೆ. ಮೇಲೆ ಹೇಳಿದ 1 ಮೀಟರ್ ಟ್ಯಾಂಕಿಗೆ ಡಿಶ್ ಎಂಡ್, ಅಂದರೆ ಬಾಂಡ್ಲಿ ಆಕಾರಕ್ಕೆ ಒತ್ತಿದ ಮುಚ್ಚಳ ಹಾಕಿದರೆ ಹೆಚ್ಚುಕಡಿಮೆ ಶೆಲ್ಲಿನಷ್ಟೇ ದಪ್ಪ ಸಾಕು. ಒತ್ತುವಾಗ ಬಾಗಿದ ಮೂಲೆಯಲ್ಲಿ ತೆಳುವಾಗುತ್ತದೆ, ಅದಕ್ಕೆ ಸ್ವಲ್ಪ ಜಾಸ್ತಿ ದಪ್ಪದ ಪ್ಲೇಟ್ ತೆಗೆದುಕೊಳ್ಳಬೇಕು, ಅಷ್ಟೇ. ಅದೇ ಜಾಗಕ್ಕೆ ಚಪ್ಪಟೆ ಪ್ಲೇಟ್ ಹಾಕಿದರೆ 40 ಮಿ.ಮೀ. ಆಸುಪಾಸು ದಪ್ಪ ಬೇಕಾಗುತ್ತದೆ! ಯಾಕಂದರೆ ಚಪ್ಪಟೆ ಪ್ಲೇಟು ಒತ್ತಡಕ್ಕೆ ಬಾಗುತ್ತದೆ, ಬಾಗಿದಾಗಲೆಲ್ಲ ಮೂಲೆಯ ವೆಲ್ಡನ್ನು ಕೀಳುತ್ತದೆ. ದಿನಾ ಒತ್ತಡ ಏರುತ್ತದೆ, ಇಳಿಯುತ್ತದೆ, ಮೂಲೆಯಲ್ಲಿ ಬಿರುಕು ನಿಧಾನಕ್ಕೆ ಬೆಳೆಯುತ್ತದೆ. ನಾನು ಕಂಡ ಗಾಳಿ ಟ್ಯಾಂಕೊಂದಕ್ಕೆ 8 ಮಿ.ಮೀ. ಚಪ್ಪಟೆ ಪ್ಲೇಟನ್ನು ಗುಂಡಗೆ ಕತ್ತರಿಸಿ, ಹೊರಗಿನಿಂದ ಒಂದು ಸುತ್ತು ವೆಲ್ಡ್ ಹೊಡೆದಿದ್ದರು. ಅದರ ಪಕ್ಕದಲ್ಲೇ ಹುಡುಗನೊಬ್ಬ ಕೂತು ಟೈರ್ ಬಿಚ್ಚುತ್ತಿದ್ದ. ಡಿಶ್ ಎಂಡ್ ಒತ್ತಿಸಲು ಬೆಂಗಳೂರಿಗೆ ಕಳಿಸಬೇಕು, ಸಮಯ ಹಿಡಿಯುತ್ತದೆ, ಖರ್ಚಾಗುತ್ತದೆ, ಎಲ್ಲಾ ನಿಜ. ಆದರೂ ಚಪ್ಪಟೆ ಮುಚ್ಚಳದ ಟ್ಯಾಂಕನ್ನು ದಯವಿಟ್ಟು ಯಾರೂ ಕೊಳ್ಳಬೇಡಿ.

ವೆಲ್ಡಿಂಗ್ ಬಗ್ಗೆ ಬರೆಯಲು ಹೋದರೆ ಅದೇ ಒಂದು ಪುಸ್ತಕವಾಗುತ್ತದೆ. ಒಂದೆರಡು ಮಾತು ಸಾಕು. ಗೇಟಿಗೆ ಬಳಸುವ 6013 ರಾಡೇ ಬೇರೆ, ಒತ್ತಡದ ಕೆಲಸಕ್ಕೆ ಬಳಸುವ 7018 ರಾಡೇ ಬೇರೆ. 7018 ತೇವ ಹೀರಿಕೊಳ್ಳುತ್ತದೆ. ತೇವದಲ್ಲಿರುವ ಹೈಡ್ರೋಜನ್ ವೆಲ್ಡಿನೊಳಗೆ ಸೇರಿ, ಕೆಲಸ ಮುಗಿದು ಗಂಟೆಗಳಾದ ಮೇಲೆ, ಕೆಲವು ಸಲ ಮಾರನೇ ದಿನ, ಬಿರುಕು ಬಿಡಿಸುತ್ತದೆ. ಪ್ಲೇಟ್ ದಪ್ಪವಾದಷ್ಟೂ ಈ ಅಪಾಯ ಜಾಸ್ತಿ. ಅದಕ್ಕೇ ರಾಡನ್ನು ಓವನ್‌ನಲ್ಲಿ ರಾಡ್ ಕಂಪನಿ ಹೇಳಿದಷ್ಟು ಬಿಸಿಯಲ್ಲಿ ಕಾಯಿಸಿ ತೇವ ತೆಗೆದು ಬಳಸಬೇಕು. ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಪ್ಯಾಕೆಟ್‌ನಿಂದ ಹಾಗೇ ತೆಗೆದು ಹೊಡೆಯುವಂತಿಲ್ಲ. ಇನ್ನು ವೆಲ್ಡರ್. ಬಾಯ್ಲರ್ ಕೆಲಸಕ್ಕೆ ಐಬಿಆರ್, ಅಂದರೆ ಭಾರತೀಯ ಬಾಯ್ಲರ್ ನಿಯಮಾವಳಿಯ ಪರೀಕ್ಷೆ ಪಾಸಾದ ವೆಲ್ಡರೇ ಬೇಕು. ಅವನ ಕೂಲಿ ಜಾಸ್ತಿ, ಹಾಗೇ ಇರಬೇಕು.

ಕೆಲಸ ಮುಗಿದ ಮೇಲೆ ಟೆಸ್ಟ್. ನೀರಿನಲ್ಲೇ ಮಾಡಬೇಕು. ಟ್ಯಾಂಕಿನ ತುಂಬ ನೀರು ಹಾಕಿ, ಮೇಲಿನ ತೂತಿನಿಂದ ಗಾಳಿಯೆಲ್ಲ ಹೊರಗೆ ಹೋದ ಮೇಲೆ ಕೈಪಂಪಿನಲ್ಲಿ ಒತ್ತಡ ಏರಿಸಬೇಕು. ಎಎಸ್‌ಎಂಇ ಪ್ರಕಾರ ಟ್ಯಾಂಕಿಗೆ ಒಪ್ಪಿದ ಗರಿಷ್ಠ ಒತ್ತಡದ ಕನಿಷ್ಠ 1.3 ಪಟ್ಟು, ನಮ್ಮ ಬಾಯ್ಲರ್ ನಿಯಮದಲ್ಲಿ ಒಂದೂವರೆ ಪಟ್ಟು. ನೀರು ಒತ್ತಡಕ್ಕೆ ಕುಗ್ಗುವುದು ತೀರಾ ಕಡಿಮೆ. ಹಾಗಾಗಿ ಎಲ್ಲಾದರೂ ಸೀಳಿದರೂ ನೀರು ಚಿಮ್ಮಿ ಒತ್ತಡ ಕೂಡಲೇ ಇಳಿದುಹೋಗುತ್ತದೆ. ಕೆಲವರು ಕಂಪ್ರೆಸರ್‌ನಿಂದ ಗಾಳಿ ತುಂಬಿ, ಸೋಪಿನ ನೊರೆ ಹಚ್ಚಿ, 'ಲೀಕ್ ಇಲ್ಲ, ಓಕೆ' ಅನ್ನುತ್ತಾರೆ. ಅದು ಲೀಕ್ ನೋಡಿದ್ದಾಯಿತು, ಶಕ್ತಿ ನೋಡಿದ್ದಲ್ಲ. ಪೂರ್ತಿ ಒತ್ತಡದ ಗಾಳಿಯಲ್ಲಿ ಟೆಸ್ಟ್ ಮಾಡುವುದಂತೂ ಜೀವದ ಜೊತೆ ಆಟ. ಗಾಳಿ ಹಿಗ್ಗುತ್ತಲೇ ಹೋಗುತ್ತದೆ, ಟ್ಯಾಂಕಿನ ತುಂಡುಗಳನ್ನು ಹೊತ್ತುಕೊಂಡೇ ಹೋಗುತ್ತದೆ.

ಬಾಯ್ಲರ್ ವಿಷಯ ಇನ್ನೂ ಭೀಕರ. 7 ಕೆ.ಜಿ. ಪ್ರೆಶರ್‌ನಲ್ಲಿ ಒಳಗಿನ ನೀರು ಸುಮಾರು 170 ಡಿಗ್ರಿ ಇರುತ್ತದೆ. ಪ್ಲೇಟ್ ಸೀಳಿ ಒತ್ತಡ ಇಳಿದ ಕ್ಷಣದಲ್ಲೇ ಆ ನೀರಿನ ಒಂದು ಪಾಲು ಉಗಿಯಾಗುತ್ತದೆ. ಒಂದು ಲೀಟರ್ ನೀರು ಉಗಿಯಾದರೆ ಸುಮಾರು 1600 ಲೀಟರ್. ಗೋಡೆ ಉರುಳಿಸುವುದು ಇದೇ. ಶಿಡ್ಲಘಟ್ಟದ ಕೆಲವು ಗಲ್ಲಿಗಳಲ್ಲಿ ಬಾಯ್ಲರ್ ಮತ್ತು ಮನೆಗೆ ನಡುವೆ ಇರುವುದು ಒಂದೇ ಗೋಡೆ. ಬಾಯ್ಲರ್‌ಗೆ ನಾಲ್ಕು ಹೆಜ್ಜೆ ದೂರದಲ್ಲಿ ಹೆಂಗಸರು ಕೂತು ನೂಲು ತೆಗೆಯುತ್ತಿರುತ್ತಾರೆ.

ಅಲ್ಲಿ ನಮ್ಮ ಜಿಲ್ಲೆಯದ್ದೇ ಆದ ಇನ್ನೊಂದು ಸಮಸ್ಯೆ ಇದೆ. ನೀರು. ಸಾವಿರ ಅಡಿ ದಾಟಿದ ಬೋರ್‌ವೆಲ್ ನೀರು ಗಡುಸು. ಅದನ್ನು ಹಾಗೇ ಬಾಯ್ಲರ್‌ಗೆ ಬಿಟ್ಟರೆ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಆ ಪೊರೆಯನ್ನು ಶಾಖ ಸುಲಭವಾಗಿ ದಾಟುವುದಿಲ್ಲ. ಬೆಂಕಿಯ ಕಡೆಯ ಉಕ್ಕು ನೀರಿನಿಂದ ತಣ್ಣಗಾಗುವುದು ನಿಂತು, ಕಾಯುತ್ತಲೇ ಹೋಗುತ್ತದೆ. ಸುಮಾರು 425 ಡಿಗ್ರಿ ದಾಟಿದ ಮೇಲೆ ಸಾದಾ ಕಾರ್ಬನ್ ಉಕ್ಕನ್ನು ಹೆಚ್ಚು ಕಾಲ ನಂಬುವಂತಿಲ್ಲ. 600 ದಾಟಿದರೆ ಅರ್ಧ ಶಕ್ತಿಯೂ ಉಳಿಯುವುದಿಲ್ಲ. ಪ್ಲೇಟ್ ಉಬ್ಬುತ್ತದೆ. ಉಬ್ಬಿದ್ದನ್ನು ಕಂಡವರು ಏನು ಮಾಡುತ್ತಾರೆ? ಹತ್ತಿರದ ವೆಲ್ಡರನ್ನು ಕರೆಸಿ ಮೇಲೊಂದು ತೇಪೆ ಹಾಕಿಸುತ್ತಾರೆ. ತೇಪೆಯ ಪ್ಲೇಟ್ ಗೇಟಿನದ್ದು, ರಾಡ್ ಗೇಟಿನದ್ದು. ಬಾಯ್ಲರ್ ರಿಪೇರಿಗೆ ಇಲಾಖೆಯ ಒಪ್ಪಿಗೆ ಬೇಕು ಅಂತ ಕಾನೂನು ಇದೆ. ಆ ಕಾನೂನು ಯಾಕಿದೆ ಅಂತ ಅವರಿಗೆ ಯಾರೂ ಹೇಳಿಲ್ಲ. ನಾನು ನೂಲು ತೆಗೆಯುವ ರೀಲರ್‌ಗಳನ್ನು ದೂರುತ್ತಿಲ್ಲ. ಗೂಡಿನ ಬೆಲೆ, ನೂಲಿನ ಬೆಲೆ ದಿನಕ್ಕೊಂದು ರೀತಿ ಏರಿಳಿಯುವಾಗ ಬಾಯ್ಲರ್ ನಿಲ್ಲಿಸಿದರೆ ಅಂದಿನ ಕೂಲಿ ಹೋಯಿತು. ಅವರ ಕಷ್ಟ ಕಣ್ಣಿಗೆ ಕಾಣುವಂಥದ್ದು.

ಕಾನೂನಿನ ಬಗ್ಗೆ ಚಿಕ್ಕದಾಗಿ. ನಮ್ಮ ದೇಶದಲ್ಲಿ ಬಾಯ್ಲರ್ ಕಾನೂನು ಶುರುವಾದದ್ದೇ ಸಾವಿನಿಂದ. 1863ರಲ್ಲಿ ಕಲ್ಕತ್ತಾದಲ್ಲಿ ಬಾಯ್ಲರ್ ಸಿಡಿದು ಹಲವರು ಸತ್ತ ಮೇಲೆ 1864ರಲ್ಲಿ ಬಂಗಾಳದಲ್ಲಿ ಕಾಯ್ದೆ ಬಂತು. ಆಮೇಲೆ ಇಡೀ ದೇಶಕ್ಕೆ 1923ರ ಕಾಯ್ದೆ, ಅದರ ಜಾಗದಲ್ಲಿ ಈಗ 2025ರ ಹೊಸ ಬಾಯ್ಲರ್ ಕಾಯ್ದೆ. 25 ಲೀಟರ್‌ಗಿಂತ ಚಿಕ್ಕದಾದ, ಅಥವಾ 1 ಕೆ.ಜಿ.ಗಿಂತ ಕಡಿಮೆ ಒತ್ತಡದ ಪಾತ್ರೆಗಳು ಇದರ ಲೆಕ್ಕಕ್ಕೆ ಬರುವುದಿಲ್ಲ. ಗಾಳಿ ಟ್ಯಾಂಕ್ ಅಂತೂ ಬಾಯ್ಲರೇ ಅಲ್ಲ. ಕಾರ್ಖಾನೆಯೊಳಗೆ ಇದ್ದರೆ ಅದನ್ನು ನೋಡುವ ನಿಯಮಗಳಿವೆ. ರಸ್ತೆ ಬದಿ ಅಂಗಡಿಯ ಟ್ಯಾಂಕಿನ ಹತ್ತಿರ ಯಾವ ಅಧಿಕಾರಿ ಬಂದದ್ದನ್ನೂ ನಾನು ಕಂಡಿಲ್ಲ.

ನಾವು ದಿನಾ ಮುಟ್ಟುವ ಒಂದು ಒತ್ತಡದ ಪಾತ್ರೆ ಮಾತ್ರ ಈ ಎಲ್ಲ ವಿಷಯದಲ್ಲೂ ಸರಿಯಾಗಿದೆ. ಅಡುಗೆ ಗ್ಯಾಸ್ ಸಿಲಿಂಡರ್. ಅದರ ಉಕ್ಕಿಗೇ ಒಂದು ಮಾನದಂಡ ಐಎಸ್ 6240, ಸಿಲಿಂಡರ್ ತಯಾರಿಕೆಗೆ ಇನ್ನೊಂದು ಐಎಸ್ 3196. ಒಂದೊಂದು ಸಿಲಿಂಡರನ್ನೂ ನೀರಿನ ಒತ್ತಡದಲ್ಲಿ ಟೆಸ್ಟ್ ಮಾಡಿಯೇ ಕಳಿಸುತ್ತಾರೆ. ಮುಂದಿನ ಟೆಸ್ಟ್ ಯಾವಾಗ ಅನ್ನುವುದನ್ನು ಹಿಡಿಕೆಯ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಅನ್ನುವ ಅಕ್ಷರ ಮತ್ತು ವರ್ಷದಲ್ಲಿ ಬರೆದಿರುತ್ತಾರೆ. ಎ ಅಂದರೆ ಮಾರ್ಚ್‌ವರೆಗೆ, ಡಿ ಅಂದರೆ ಡಿಸೆಂಬರ್‌ವರೆಗೆ. ಕೋಟಿಗಟ್ಟಲೆ ಮನೆಗಳ ಸಿಲಿಂಡರ್‌ಗೆ ಇದು ಸಾಧ್ಯವಾಗಿದೆ ಅಂದ ಮೇಲೆ ಒಂದು ತಾಲ್ಲೂಕಿನ ಬಾಯ್ಲರ್, ಗಾಳಿ ಟ್ಯಾಂಕುಗಳಿಗೆ ಯಾಕೆ ಸಾಧ್ಯವಿಲ್ಲ?

ಆದ್ದರಿಂದ ನನ್ನ ಕೋರಿಕೆ ಇಷ್ಟು. ರೇಷ್ಮೆ ನೂಲು ತೆಗೆಯುವ ಯಂತ್ರಗಳಿಗೆ ಸರ್ಕಾರದ ಸಹಾಯಧನ ಇದೆ. ಬಾಯ್ಲರ್‌ಗೆ ಹಣ ಕೊಡುವಲ್ಲೆಲ್ಲ ಬಿಲ್ಲಿನ ಜೊತೆ ಪ್ಲೇಟಿನ ಟಿ.ಸಿ.ಯನ್ನೂ ಕೇಳಲಿ, ಟಿ.ಸಿ. ನಂಬರೂ ಶೆಲ್ಲಿನ ಮೇಲಿನ ನಂಬರೂ ಒಂದೇ ಅಂತ ಒಬ್ಬರು ಹೋಗಿ ನೋಡಲಿ. ನೀರು ಮೆದು ಮಾಡುವ ಸಾಫ್ಟನರ್‌ಗೂ ಅದೇ ಹಣದಲ್ಲಿ ಪಾಲು ಇಡಲಿ, ಬಾಯ್ಲರ್ ಒಳ್ಳೆಯದಿದ್ದು ನೀರು ಕೆಟ್ಟದಿದ್ದರೆ ಪ್ರಯೋಜನವಿಲ್ಲ. ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ವೆಲ್ಡಿಂಗ್ ಕಲಿಯುವ ಹುಡುಗರಿಗೆ ಟಿ.ಸಿ. ಓದುವುದನ್ನೂ ಹೀಟ್ ನಂಬರ್ ಪಂಚ್ ಮಾಡುವುದನ್ನೂ ಕಲಿಸಲಿ. ಸರ್ ಎಂ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಇರುವ ಜಿಲ್ಲೆ ನಮ್ಮದು. ಸೆಪ್ಟೆಂಬರ್ 15ರ ಎಂಜಿನಿಯರ್ಸ್ ದಿನಾಚರಣೆಯಲ್ಲಿ ಒಂದು ಗಂಟೆ ಇದಕ್ಕೆ ಕೊಟ್ಟು, ರೀಲರ್‌ಗಳನ್ನೂ ಟೈರ್ ಅಂಗಡಿಯವರನ್ನೂ ಕರೆಸಿ ತೋರಿಸಿದರೆ ಎಷ್ಟೋ ಒಳ್ಳೆಯದಾಗುತ್ತದೆ. ನಿಮ್ಮ ವರದಿಗಾರರಿಗೂ ಒಂದು ಮನವಿ. ಇನ್ನು ಮುಂದೆ ಸ್ಫೋಟದ ಸುದ್ದಿ ಬರೆಯುವಾಗ ಆ ಟ್ಯಾಂಕಿಗೆ ನೇಮ್ ಪ್ಲೇಟ್ ಇತ್ತಾ, ಅದನ್ನು ಯಾವ ಪ್ಲೇಟಿನಲ್ಲಿ ಮಾಡಿದ್ದರು ಅಂತ ಒಂದು ಸಾಲು ಕೇಳಿ ಬರೆಯಿರಿ. ಆ ಒಂದು ಸಾಲು ಓದಿದವರು ಮನೆಗೆ ಹೋಗಿ ತಮ್ಮ ಟ್ಯಾಂಕನ್ನು ನೋಡುತ್ತಾರೆ.

ಈಗಾಗಲೇ ಹಳೆ ಟ್ಯಾಂಕ್ ಇಟ್ಟುಕೊಂಡಿರುವವರು ಏನು ಮಾಡಬೇಕು ಅಂತ ಕೇಳಿದರೆ, ಮೊದಲು ತಳದ ಡ್ರೈನ್ ವಾಲ್ವ್ ತೆರೆದು ನೋಡಿ. ಗಾಳಿ ಟ್ಯಾಂಕಿನಲ್ಲಿ ನೀರು ನಿಲ್ಲುವುದು ತಳದಲ್ಲಿ, ತುಕ್ಕು ತಿನ್ನುವುದೂ ಅಲ್ಲೇ. ದಿನಾ ಸಂಜೆ ಆ ನೀರು ಬಿಡಿ. ಸೇಫ್ಟಿ ವಾಲ್ವ್ ಇದೆಯಾ, ಅದನ್ನು ಯಾರಾದರೂ ತಂತಿ ಸುತ್ತಿ ಬಿಗಿದಿದ್ದಾರಾ ನೋಡಿ. ನೇಮ್ ಪ್ಲೇಟ್ ಇಲ್ಲದಿದ್ದರೆ, ಕೈಯಲ್ಲಿ ಹಿಡಿಯುವ ಅಲ್ಟ್ರಾಸೋನಿಕ್ ಮೀಟರ್ ಇರುವವರನ್ನು ಕರೆಸಿ ದಪ್ಪ ಅಳೆಸಿ. ಟ್ಯಾಂಕ್ ಕತ್ತರಿಸಬೇಕಾಗಿಲ್ಲ, ಹೊರಗಿನಿಂದಲೇ ಅಳೆಯಬಹುದು. ತಳದಲ್ಲಿ ನಾಲ್ಕು ಕಡೆ, ಉದ್ದದ ಜಾಯಿಂಟಿನ ಪಕ್ಕದಲ್ಲಿ ನಾಲ್ಕು ಕಡೆ, ಮುಚ್ಚಳದ ಬಾಗಿದ ಮೂಲೆಯಲ್ಲಿ ನಾಲ್ಕು ಕಡೆ ಅಳೆಸಿ ಬರೆದಿಡಿ. ದಪ್ಪ ಕಡಿಮೆ ಬಂದರೆ, ತೇಪೆ ಹಾಕಿಸಬೇಡಿ, ಬದಲಾಯಿಸಿ. ಹಳೆಯದನ್ನು ಗುಜರಿಗೆ ಹಾಕುವ ಮೊದಲು ಗ್ಯಾಸ್ ಕಟರಿನಲ್ಲಿ ಎರಡು ತುಂಡು ಮಾಡಿಸಿ, ಇಲ್ಲದಿದ್ದರೆ ಅದು ಪೇಂಟ್ ಹಚ್ಚಿಕೊಂಡು ಇನ್ನೊಬ್ಬರ ಅಂಗಡಿಗೆ ಹೋಗುತ್ತದೆ.

ಇತಿ,
ಒಬ್ಬ ಫ್ಯಾಬ್ರಿಕೇಟರ್,
ಚಿಕ್ಕಬಳ್ಳಾಪುರ